ಬೆಣ್ಣೆ ಗೇಣಿಗೆ, ಮಜ್ಜಿಗೆ ಮನೆಗೆ: ಹಳೆಯ ಐರ್ಲೆಂಡಿನ ಅಡುಗೆಮನೆ

ನಮ್ಮ ಅಕ್ಕನ ಮಗಳು ನರ್ಸ್ ಕೆಲಸಕ್ಕೆಂದು ಐರ್ಲೆಂಡಿನ ಕಾರ್ಕ್ ಊರಿಗೆ ಹೋದಳು. ಹೋದ ಮೊದಲ ವಾರವೇ ಫೋನ್ ಮಾಡಿದಳು. "ಚಿಕ್ಕಮ್ಮ, ಇಲ್ಲಿ ಅಂಗಡೀಲಿ ಮಜ್ಜಿಗೆ ಸಿಗುತ್ತೆ. ಡಬ್ಬದ ಮೇಲೆ ಬಟರ್‌ಮಿಲ್ಕ್ ಅಂತಲೇ ಬರೆದಿದೆ. ಆದ್ರೆ ಕುಡಿಯೋರೇ ಕಾಣಲ್ಲ, ಬ್ರೆಡ್ಡಿಗೆ ಹಾಕ್ತಾರಂತೆ. ಯಾಕೆ?"

ಕೇಳಿದ್ದು ಸಣ್ಣ ಪ್ರಶ್ನೆ. ಉತ್ತರ ಹುಡುಕಲು ಕೂತರೆ ಆ ದೇಶದ ಊಟದ ಕಥೆಯೆಲ್ಲ ಅದರ ಹಿಂದೆಯೇ ಬಂತು. ಐರ್ಲೆಂಡ್ ಅಂದರೆ ಆಲೂಗಡ್ಡೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ, ಅಲ್ವಾ? ಆಲೂಗಡ್ಡೆ ಅಲ್ಲಿಗೆ ಬಂದದ್ದು ಸುಮಾರು ನಾನೂರು ವರ್ಷದ ಹಿಂದೆ. ಅದಕ್ಕೂ ಸಾವಿರಾರು ವರ್ಷ ಮೊದಲಿಂದ ಅದು ಹಸು, ಹಾಲು, ಬೆಣ್ಣೆಯ ನಾಡು. ಈಗ ನಮ್ಮ ಕಡೆಯವರು ಬಹಳ ಜನ ಅಲ್ಲಿ ಸಂಸಾರ ಹೂಡಿದ್ದಾರೆ, ಮಕ್ಕಳು ಅಲ್ಲಿನ ಶಾಲೆಗೆ ಹೋಗುತ್ತಿದ್ದಾರೆ. ಅವರಿಗೂ, ಇಲ್ಲಿದ್ದುಕೊಂಡೇ ಕುತೂಹಲ ಇರುವವರಿಗೂ ಬುಡದಿಂದ ಹೇಳುತ್ತೇನೆ.

## ಅಜ್ಜಿಯರನ್ನು ಕೇಳಿ ಬರೆದ ಮಕ್ಕಳು

ಬಡವರ ಮನೆಯ ಊಟವನ್ನು ಯಾರೂ ಬರೆದಿಡುವುದಿಲ್ಲ. ಐರ್ಲೆಂಡಿನಲ್ಲಿ ಮಾತ್ರ ಒಂದು ಒಳ್ಳೆಯ ಕೆಲಸ ಆಯಿತು. 1935ರಲ್ಲಿ ಅಲ್ಲಿ ಜಾನಪದ ಆಯೋಗ ಶುರುವಾಯಿತು. 1937ರಿಂದ 1939ರವರೆಗೆ ಆಯೋಗದವರು ಶಾಲೆಯ ಮಕ್ಕಳಿಗೆ ಒಂದು ಕೆಲಸ ಕೊಟ್ಟರು. ಮನೆಗೆ ಹೋಗಿ ಅಜ್ಜ ಅಜ್ಜಿಯರನ್ನು, ಪಕ್ಕದ ಮನೆಯ ಹಿರಿಯರನ್ನು ಕೇಳಿ, ಹೇಳಿದ್ದನ್ನು ಬರೆದು ತನ್ನಿ ಅಂತ. ಸುಮಾರು 5,000 ಶಾಲೆಗಳ 50,000 ಮಕ್ಕಳು ಬರೆದರು. ಹಿಂದೆ ಏನು ತಿನ್ನುತ್ತಿದ್ದಿರಿ, ರೊಟ್ಟಿ ಹೇಗೆ ಸುಡುತ್ತಿದ್ದಿರಿ, ಬೆಣ್ಣೆ ಹೇಗೆ ಕಡೆಯುತ್ತಿದ್ದಿರಿ ಎನ್ನುವುದೂ ಆ ಪ್ರಶ್ನೆಗಳಲ್ಲಿ ಇತ್ತು.

ಒಂದು ಲೆಕ್ಕ ಹಾಕಿ. 1937ರಲ್ಲಿ 80 ವರ್ಷದ ಅಜ್ಜಿ ಹುಟ್ಟಿದ್ದು 1857ರಲ್ಲಿ. ಅವಳ ಅಪ್ಪ ಅಮ್ಮ 1845ರಲ್ಲಿ ಆಲೂಗಡ್ಡೆ ಬೆಳೆ ಕೆಟ್ಟು ಶುರುವಾದ ಮಹಾ ಬರಗಾಲವನ್ನು ಕಣ್ಣಾರೆ ಕಂಡವರು. ಆ ಅಜ್ಜಿಯ ಮಾತು ಹನ್ನೆರಡು ವರ್ಷದ ಮಗುವಿನ ದುಂಡು ಅಕ್ಷರದಲ್ಲಿ ಇವತ್ತಿಗೂ ಇದೆ, ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದು. ನನಗೆ ಇದಕ್ಕಿಂತ ದೊಡ್ಡ ಅಡುಗೆ ಪುಸ್ತಕ ಬೇರೆ ಕಾಣುವುದಿಲ್ಲ.

## ಬಿಳಿ ಊಟ

ಹಾಲು, ಮೊಸರು, ಬೆಣ್ಣೆ, ಮಜ್ಜಿಗೆ, ಚೀಸ್ ಎಲ್ಲವನ್ನೂ ಸೇರಿಸಿ ಹೇಳಲು ಐರಿಷ್ ಭಾಷೆಯಲ್ಲಿ ಒಂದೇ ಪದ ಇತ್ತು. ಅದರ ಅರ್ಥ ಬಿಳಿ ಊಟ. ಬೇಸಿಗೆ ಪೂರ್ತಿ ಜನ ಇದರ ಮೇಲೇ ಬದುಕುತ್ತಿದ್ದರು. ಚಳಿಗಾಲಕ್ಕೆ ಓಟ್ಸ್, ಬಾರ್ಲಿ, ಉಪ್ಪು ಹಾಕಿಟ್ಟ ಮಾಂಸ.

ಹಾಲೇ ಯಾಕೆ? ಅಲ್ಲಿನ ಹವೆಯೇ ಹಾಗೆ. ಮಳೆ ಜಾಸ್ತಿ, ಚಳಿ ಹಿತಮಿತ. ವರ್ಷದ ಹೆಚ್ಚು ದಿನ ಹುಲ್ಲು ಹಸಿರಾಗಿರುತ್ತದೆ. ಗೋಧಿ ಬಲಿತು ಒಣಗಲು ಬೇಕಾದ ಬಿಸಿಲು ಸಾಲದು. ಓಟ್ಸ್‌ಗೆ ಒದ್ದೆ ನೆಲ, ಮೋಡ ಎರಡೂ ಒಗ್ಗುತ್ತದೆ. ಹಾಗಾಗಿ ಹಸು ಮತ್ತು ಓಟ್ಸ್, ಈ ಎರಡರ ಮೇಲೆ ಆ ಮನೆಗಳು ನಿಂತವು. ಹಸುವೇ ಐಶ್ವರ್ಯ. ಏಳು, ಎಂಟನೇ ಶತಮಾನದ ಅವರ ಕಾನೂನುಗಳಲ್ಲಿ ದಂಡವನ್ನೂ ಬೆಲೆಯನ್ನೂ ಹಸುವಿನ ಲೆಕ್ಕದಲ್ಲೇ ಹೇಳಿದ್ದಾರೆ.

ಅದೇ ಕಾನೂನು ಮತ್ತು ಅದರ ಟಿಪ್ಪಣಿಗಳಲ್ಲಿ ಗಂಜಿಯ ಬಗ್ಗೆಯೂ ಒಂದು ಮಾತಿದೆ. ಆ ಕಾಲದಲ್ಲಿ ಮಕ್ಕಳನ್ನು ಬೇರೆ ಮನೆಯಲ್ಲಿ ಬೆಳೆಯಲು ಬಿಡುವ ಪದ್ಧತಿ ಇತ್ತು. ಸಾಮಾನ್ಯರ ಮಗನಿಗೆ ನೀರಿನಲ್ಲೋ ಮಜ್ಜಿಗೆಯಲ್ಲೋ ಬೇಯಿಸಿದ ಗಂಜಿ, ಜೊತೆಗೆ ಉಪ್ಪು ಬೆಣ್ಣೆ. ಒಡೆಯನ ಮಗನಿಗೆ ಹಸಿ ಹಾಲಿನ ಗಂಜಿ, ಹೊಸ ಬೆಣ್ಣೆ. ರಾಜನ ಮಗನಿಗೆ ಗೋಧಿ ಗಂಜಿ, ಹಾಲು, ಮೇಲೆ ಜೇನುತುಪ್ಪ. ಒಂದೇ ಗಂಜಿ, ಮೂರು ಅಂತಸ್ತು. ಮಜ್ಜಿಗೆ ಯಾರ ಪಾಲಿಗೆ ಬಂತು ನೋಡಿ. ಮುಂದೆ ಸಾವಿರ ವರ್ಷ ಅದು ಅಲ್ಲೇ ಉಳಿಯಿತು.

ಇಲ್ಲಿ ಮಜ್ಜಿಗೆ ಅಂದರೆ ನಮ್ಮ ಮಜ್ಜಿಗೆಯೇ. ಕೆನೆಯನ್ನು ಕೆಲವು ದಿನ ಹುಳಿಯಲು ಬಿಟ್ಟು, ಕಡೆದು ಬೆಣ್ಣೆ ತೆಗೆದ ಮೇಲೆ ಉಳಿಯುವ ಹುಳಿ ನೀರು. ನಮ್ಮ ಕಡಗೋಲು ಸುತ್ತುತ್ತದೆ. ಅವರದು ಎತ್ತರದ ಮರದ ಪೀಪಾಯಿ, ಮುಚ್ಚಳದ ತೂತಿನಿಂದ ಇಳಿಬಿಟ್ಟ ಉದ್ದನೆಯ ಕೋಲು, ಮೇಲೆ ಕೆಳಗೆ ಕುಟ್ಟಬೇಕು. ಕಡೆಯುವ ಹೊತ್ತಿಗೆ ಮನೆಗೆ ಯಾರಾದರೂ ಬಂದರೆ "ದೇವರು ಈ ಕೆಲಸಕ್ಕೆ ಒಳ್ಳೇದು ಮಾಡಲಿ" ಅಂದು ತಾವೂ ನಾಲ್ಕು ಸಲ ಕೋಲು ಕುಟ್ಟಿ ಹೋಗಬೇಕಿತ್ತು. ಹಾಗೆ ಮಾಡದೆ ಹೋದವರು ಬೆಣ್ಣೆಯ ಅದೃಷ್ಟವನ್ನೂ ಎತ್ತಿಕೊಂಡು ಹೋದರು ಎನ್ನುವ ಭಯ. ಮೇ 1ರಂದು ಎಷ್ಟೋ ಮನೆಗಳಲ್ಲಿ ಹೊರಗಿನವರಿಗೆ ಹಾಲನ್ನಾಗಲಿ ಒಲೆಯ ಕೆಂಡವನ್ನಾಗಲಿ ಕೊಡುತ್ತಿರಲಿಲ್ಲ. ದೃಷ್ಟಿ ತಾಗುತ್ತದೆ ಅಂತ ನಮ್ಮ ಅಜ್ಜಿಯರು ಹಾಲಿನ ಪಾತ್ರೆ ಮುಚ್ಚಿಡುತ್ತಿದ್ದರಲ್ಲ, ಅದೇ ಭಯ ಅಲ್ಲೂ.

ಬೆಣ್ಣೆಯನ್ನು ಜೌಗು ನೆಲದಲ್ಲಿ ಹೂತಿಡುವುದೂ ಇತ್ತು. ಆ ನೆಲ ತಂಪು, ಹುಳಿ, ಗಾಳಿಯಾಡುವುದಿಲ್ಲ. ಕೊಳೆಸುವ ಜೀವಾಣುಗಳಿಗೆ ಅಲ್ಲಿ ಕೆಲಸ ಇಲ್ಲ. ಮರದ ಪಾತ್ರೆಯಲ್ಲಿಟ್ಟು ಹೂತ ಬೆಣ್ಣೆ ಮುದ್ದೆಗಳು ಈಗಲೂ ಅಗೆಯುವಾಗ ಸಿಗುತ್ತವೆ. ಕೆಲವಕ್ಕೆ 3,500 ವರ್ಷ ವಯಸ್ಸು.

ಉಪವಾಸವೂ ಊಟದ ಭಾಗವೇ. ಐರಿಷ್‌ನಲ್ಲಿ ಬುಧವಾರದ ಹೆಸರಿಗೆ ಮೊದಲ ಉಪವಾಸ ಎಂದು ಅರ್ಥ. ಶುಕ್ರವಾರದ ಹೆಸರಿಗೆ ಉಪವಾಸ ಅಂತಲೇ ಅರ್ಥ. ಗುರುವಾರ ಅಂದರೆ ಎರಡು ಉಪವಾಸಗಳ ನಡುವಿನ ದಿನ. ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಮಾಂಸ ಬಿಡುತ್ತಿದ್ದರು. ಕಟ್ಟುನಿಟ್ಟಿನ ಮನೆಗಳಲ್ಲಿ ಹಾಲು, ಬೆಣ್ಣೆ, ಮೊಟ್ಟೆಯೂ ಇಲ್ಲ. ಆಗ ಉಪ್ಪು ಹಾಕಿದ ಮೀನೇ ಗತಿ.

## ಒಂದೇ ಒಲೆ, ಒಂದೇ ಪಾತ್ರೆ

ಕಾಡು ಬಹುಪಾಲು ಕಡಿದು ಹೋಗಿತ್ತು. ಸೌದೆ ಕಮ್ಮಿ. ಉರಿಸಲು ಟರ್ಫ್ ಇತ್ತು. ಟರ್ಫ್ ಅಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಗಿಡ ಪಾಚಿ ಕೊಳೆತು ಕೊಳೆಯದೆ ಒತ್ತಿಕೊಂಡು ಆದ ಕಪ್ಪು ಮಣ್ಣು. ಬೇಸಿಗೆ ಶುರುವಾಗುವ ಹೊತ್ತಿಗೆ ರೆಕ್ಕೆಯಿರುವ ಒಂದು ವಿಶೇಷ ಗುದ್ದಲಿಯಿಂದ ಇಟ್ಟಿಗೆಯಂತೆ ಕತ್ತರಿಸಿ, ಗೂಡು ನಿಲ್ಲಿಸಿ ಒಣಗಿಸುತ್ತಿದ್ದರು. ನಮ್ಮಲ್ಲಿ ಬೆರಣಿ ತಟ್ಟಿ ಗೂಡು ಹಾಕುವಂತೆಯೇ. ಟರ್ಫ್ ಜೋರಾಗಿ ಉರಿಯುವುದಿಲ್ಲ, ನಿಧಾನಕ್ಕೆ ಕನಕನ ಕಾಯುತ್ತದೆ. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ, ಪ್ರಾರ್ಥನೆ ಹೇಳಿ ಮಲಗುವುದು. ಬೆಳಿಗ್ಗೆ ಬೂದಿ ಕೆದಕಿ ಊದಿದರೆ ಬೆಂಕಿ ಸಿದ್ಧ.

ಒಲೆಯ ಪಕ್ಕದಲ್ಲಿ ತಿರುಗುವ ಕಬ್ಬಿಣದ ತೋಳು. ಅದಕ್ಕೆ ಕೊಕ್ಕೆಯಲ್ಲಿ ಪಾತ್ರೆ ನೇತುಹಾಕುವುದು. ಉರಿ ಕಮ್ಮಿ ಬೇಕಾದರೆ ಪಾತ್ರೆಯನ್ನು ಮೇಲೆ ಎತ್ತಬೇಕು, ಜಾಸ್ತಿ ಬೇಕಾದರೆ ಇಳಿಸಬೇಕು. ಮೂರು ಕಾಲಿನ ಕಬ್ಬಿಣದ ಹಂಡೆ, ಒಂದು ಕಾವಲಿ, ಮತ್ತು ಬ್ಯಾಸ್ಟಿಬಲ್ ಎನ್ನುವ ಮುಚ್ಚಳದ ದಪ್ಪ ಪಾತ್ರೆ. ಬಡವರ ಮನೆಯಲ್ಲಿ ಕಟ್ಟಿದ ಓವನ್ ಇರಲಿಲ್ಲ. ಬ್ಯಾಸ್ಟಿಬಲ್‌ನ ಅಡಿಗೂ ಮುಚ್ಚಳದ ಮೇಲಕ್ಕೂ ಕೆಂಡ ಹಾಕಿದರೆ ಅದೇ ಓವನ್. ದಮ್ ಬಿರಿಯಾನಿಗೆ ಮುಚ್ಚಳದ ಮೇಲೆ ಕೆಂಡ ಇಡುವುದನ್ನು ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಹಳೆಯ ಐರಿಷ್ ಅಡುಗೆಯಲ್ಲಿ ಬೇಯಿಸಿದ್ದೇ ಯಾಕೆ ಅಷ್ಟೊಂದು ಎನ್ನುವುದಕ್ಕೂ ಇದೇ ಉತ್ತರ. ಕುರಿ ಮಾಂಸ, ಆಲೂಗಡ್ಡೆ, ಈರುಳ್ಳಿ, ನೀರು ಹಾಕಿ ಗಂಟೆಗಟ್ಟಲೆ ಬೇಯಿಸುವ ಐರಿಷ್ ಸ್ಟ್ಯೂ ಹುಟ್ಟಿದ್ದು ಈ ಹಂಡೆಯಲ್ಲೇ.

## ಆಲೂಗಡ್ಡೆ ಹೇಗೆ ಮನೆ ತುಂಬಿತು

ಆಲೂಗಡ್ಡೆ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳದ್ದು. ಹದಿನಾರನೇ ಶತಮಾನದ ಕೊನೆಯ ಹೊತ್ತಿಗೆ ಐರ್ಲೆಂಡಿಗೆ ಬಂತು. ಮೊದಮೊದಲು ಹಿತ್ತಲ ಬೆಳೆ, ಚಳಿಗಾಲಕ್ಕೆ ಒಂದು ಆಸರೆ ಅಷ್ಟೇ. ಆಮೇಲೆ ಬಡವರ ತಟ್ಟೆಯಿಂದ ಉಳಿದದ್ದನ್ನೆಲ್ಲ ಅದು ಹೊರಗೆ ಹಾಕಿತು. ಕಾರಣ ರುಚಿ ಅಲ್ಲ, ಗೇಣಿ.

ಹದಿನೆಂಟನೇ ಶತಮಾನದಲ್ಲಿ ಅಲ್ಲಿನ ಬಹುಪಾಲು ಜಮೀನು ದೊಡ್ಡ ಭೂಮಾಲೀಕರ ಕೈಯಲ್ಲಿತ್ತು. ಉಳುವವರು ಗೇಣಿದಾರರು. ಗೇಣಿಯನ್ನು ಹಣದಲ್ಲೇ ಕಟ್ಟಬೇಕು. ಹಣ ಬೇಕೆಂದರೆ ಮಾರುವಂಥದ್ದನ್ನೆಲ್ಲ ಮಾರಬೇಕು. ಓಟ್ಸ್ ಮಾರಿದರು. ಹಂದಿ ಸಾಕಿ ಸಂತೆಗೆ ಹೊಡೆದರು. ಹಂದಿಯನ್ನು "ಗೇಣಿ ಕಟ್ಟುವ ದೊಡ್ಡ ಮನುಷ್ಯ" ಅಂತಲೇ ಕರೆಯುತ್ತಿದ್ದರು. ಬೆಣ್ಣೆಯನ್ನು ಉಪ್ಪು ಹಾಕಿ ಮರದ ಪೀಪಾಯಿಗೆ ತುಂಬಿ ಕಾರ್ಕ್ ಪೇಟೆಗೆ ಕಳಿಸಿದರು. ಅಲ್ಲಿ 1770ರಲ್ಲಿ ಶುರುವಾದ ಬೆಣ್ಣೆ ವಿನಿಮಯ ಕೇಂದ್ರದಲ್ಲಿ ಪ್ರತಿ ಪೀಪಾಯಿಯ ಬೆಣ್ಣೆಯನ್ನೂ ಪರೀಕ್ಷೆ ಮಾಡಿ ದರ್ಜೆ ಹಾಕುತ್ತಿದ್ದರು. ಅಲ್ಲಿಂದ ಅದು ಹಡಗು ಹತ್ತಿ ವೆಸ್ಟ್ ಇಂಡೀಸ್‌ವರೆಗೂ ಹೋಗುತ್ತಿತ್ತು. ಉಪ್ಪು ಹಾಕಿದ ದನದ ಮಾಂಸದ ದಾರಿಯೂ ಅದೇ. ಹಸುವಿನ ಹಾಲು ಕರೆದವಳ ಮನೆಯಲ್ಲಿ ಉಳಿದದ್ದು ಮಜ್ಜಿಗೆ.

ಎಲ್ಲ ಮಾರಿದ ಮೇಲೆ ತಿನ್ನಲು ಏನಾದರೂ ಬೇಕಲ್ಲ. ಒಂದು ಎಕರೆ ಆಲೂಗಡ್ಡೆ ಹಾಕಿದರೆ ಐದಾರು ಜನರ ಸಂಸಾರಕ್ಕೆ ವರ್ಷದ ಬಹುಪಾಲು ಸಾಗುತ್ತಿತ್ತು. ನೇಗಿಲು ಬೇಡ, ಗುದ್ದಲಿ ಸಾಕು. ಕಲ್ಲು ನೆಲ, ಜೌಗು ನೆಲ ಯಾವುದಾದರೂ ಸರಿ. ಮಣ್ಣನ್ನು ಏರಿ ಕಟ್ಟಿ, ಕಡಲ ಪಾಚಿಯನ್ನೋ ಸಗಣಿಯನ್ನೋ ಗೊಬ್ಬರವಾಗಿ ಹಾಕಿ ನೆಡುತ್ತಿದ್ದರು. ಐರ್ಲೆಂಡಿನ ಪಶ್ಚಿಮದ ಬೆಟ್ಟಗಳ ಮೇಲೆ ಆ ಏರಿಗಳ ಗೆರೆ ಇವತ್ತಿಗೂ ಕಾಣುತ್ತದೆ. ಬೆಟ್ಟದ ಅಷ್ಟು ಎತ್ತರದಲ್ಲಿ ಯಾರು ಬೆಳೆ ಇಟ್ಟರು ಅಂತ ಹೊಸಬರು ಕೇಳುತ್ತಾರೆ. ಕೆಳಗಿನ ಒಳ್ಳೆಯ ನೆಲ ಸಿಗದವರು ಇಟ್ಟರು.

## ಬುಟ್ಟಿಯ ಸುತ್ತ ಕೂತು

ಒಂದು ಮಧ್ಯಾಹ್ನದ ಊಟ ಹೇಗಿರುತ್ತಿತ್ತು ನೋಡಿ. ಹಂಡೆ ತುಂಬ ಆಲೂಗಡ್ಡೆ, ಸಿಪ್ಪೆ ಸಮೇತ. ಬೆಂದ ಮೇಲೆ ಹಂಡೆಯನ್ನು ಬಾಗಿಲಾಚೆ ಒಯ್ದು, ಬಳ್ಳಿಯಲ್ಲಿ ಹೆಣೆದ ಚಪ್ಪಟೆ ಬುಟ್ಟಿಗೆ ಸುರಿದು ನೀರು ಬಸಿಯುವುದು. ಹಬೆಯಾಡುವ ಆ ಬುಟ್ಟಿಯನ್ನು ಖಾಲಿ ಹಂಡೆಯ ಬಾಯಿಯ ಮೇಲೇ ಇಡುವುದು. ಅದೇ ಮೇಜು. ಸುತ್ತ ಚಿಕ್ಕ ಮಣೆಗಳ ಮೇಲೆ ಮನೆಯವರೆಲ್ಲ. ಹೆಬ್ಬೆರಳಿನ ಉಗುರಿನಿಂದ ಸಿಪ್ಪೆ ಸುಲಿದು, ಉಪ್ಪು ನೀರಿಗೆ ಅದ್ದಿ ತಿನ್ನುವುದು. ಮಧ್ಯೆ ಮಧ್ಯೆ ಮಗ್ಗಿನಿಂದ ಒಂದು ಗುಟುಕು ಮಜ್ಜಿಗೆ. ಉಳಿದದ್ದು, ಸಿಪ್ಪೆ ಎಲ್ಲ ಹಂದಿಗೆ.

ದುಡಿಯುವ ಗಂಡಸು ದಿನಕ್ಕೆ 5ರಿಂದ 6 ಕೆ.ಜಿ. ತಿನ್ನುತ್ತಿದ್ದ. ಓದಿ ಗಾಬರಿಯಾಗಬೇಡಿ. ಆಲೂಗಡ್ಡೆಯಲ್ಲಿ ಮುಕ್ಕಾಲು ಪಾಲು ನೀರು. ಹೊಲದಲ್ಲಿ ದಿನವಿಡೀ ಗುದ್ದಲಿ ಹಾಕುವವನಿಗೆ ಬೇಕಾದ ಶಕ್ತಿ ಬರಬೇಕಾದರೆ ಅಷ್ಟು ತಿನ್ನಲೇಬೇಕು. ಕೆಲವರು ಗೆಡ್ಡೆಯ ನಡುವಿನ ತಿರುಳನ್ನು ಬೇಕೆಂದೇ ಅರೆಬೆಂದಂತೆ ಬಿಡುತ್ತಿದ್ದರು. ಅದು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಬೇಗ ಹಸಿವಾಗುವುದಿಲ್ಲ ಅಂತ.

ಇದರ ಜೊತೆ ನಂಜಿಕೊಳ್ಳಲು ಏನಾದರೂ ಸಿಕ್ಕರೆ, ಒಂದು ಚೂರು ಉಪ್ಪು ಮೀನು, ಕೊಬ್ಬಿನ ತುಂಡು, ಅದನ್ನು ಅಲ್ಲಿನವರು "ಕಿಚನ್" ಅನ್ನುತ್ತಿದ್ದರು. ನಮ್ಮ ಮುದ್ದೆಗೆ ಸಾರು ಇದ್ದಂತೆ. ಏನೂ ಇಲ್ಲದ ಮನೆಯಲ್ಲಿ ಮೇಲೆ ನೇತುಹಾಕಿದ ಒಣ ಮೀನಿನ ಕಡೆಗೆ ಆಲೂಗಡ್ಡೆ ತೋರಿಸಿ ತಿನ್ನುತ್ತಿದ್ದರು ಎಂಬ ಮಾತೂ ಜನರಲ್ಲಿ ಉಳಿದಿದೆ.

ಒಣ ಊಟ ಅನಿಸಬಹುದು, ಆದರೆ ಸತ್ವ ಇತ್ತು. ಆಲೂಗಡ್ಡೆಯಲ್ಲಿ ಸಿ ಜೀವಸತ್ವ ಇದೆ, ಮಜ್ಜಿಗೆಯಲ್ಲಿ ಸುಣ್ಣದ ಅಂಶ (ಕ್ಯಾಲ್ಸಿಯಂ) ಮತ್ತು ಪ್ರೋಟೀನ್ ಇದೆ. ನಮ್ಮ ದೇಶಕ್ಕೆ ಬರಲು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿದ ಹುಡುಗರ ಎತ್ತರದ ದಾಖಲೆಗಳಿವೆ. 1800ರ ಸುಮಾರಿನ ಆ ದಾಖಲೆಗಳಲ್ಲಿ ಐರಿಷ್ ಹುಡುಗರು ಇಂಗ್ಲಿಷ್ ಹುಡುಗರಿಗಿಂತ ಸ್ವಲ್ಪ ಎತ್ತರವೇ ಇದ್ದಾರೆ.

ಕಷ್ಟದ ತಿಂಗಳು ಜುಲೈ. ಹಳೆಯ ಗೆಡ್ಡೆ ಮುಗಿದಿರುತ್ತದೆ, ಹೊಸದು ಬಲಿತಿರುವುದಿಲ್ಲ. ಆಗ ಕೋಸಿನ ಎಲೆ ಬೇಯಿಸಿ ತಿನ್ನುತ್ತಿದ್ದರು. ಅದಕ್ಕೇ ಆ ತಿಂಗಳಿಗೆ ಕೋಸಿನ ಜುಲೈ ಎಂದು ಹೆಸರು.

ಹಬ್ಬಕ್ಕೆ ಅದೇ ಆಲೂಗಡ್ಡೆ ಬೇರೆ ರೂಪ ತಾಳುತ್ತಿತ್ತು. ಅಕ್ಟೋಬರ್ 31ರ ರಾತ್ರಿ ಕೋಲ್‌ಕ್ಯಾನನ್. ಬೆಂದ ಗೆಡ್ಡೆಯನ್ನು ಹಾಲು ಹಾಕಿ ಮೆತ್ತಗೆ ಹಿಸುಕಿ, ಕೋಸು ಸೇರಿಸಿ, ನಡುವೆ ಗುಳಿ ಮಾಡಿ ಬೆಣ್ಣೆ ಇಡುವುದು. ಒಳಗೆ ಒಂದು ಉಂಗುರವನ್ನೋ ನಾಣ್ಯವನ್ನೋ ಬಚ್ಚಿಡುತ್ತಿದ್ದರು. ಉಂಗುರ ಸಿಕ್ಕವರಿಗೆ ಬೇಗ ಮದುವೆ. ಲೀಟ್ರಿಮ್, ಕ್ಯಾವನ್ ಕಡೆ ಬಾಕ್ಸ್ಟಿ. ತಗಡಿಗೆ ಮೊಳೆಯಿಂದ ತೂತು ಹೊಡೆದು ತುರಿಮಣೆ ಮಾಡಿಕೊಂಡು, ಹಸಿ ಗೆಡ್ಡೆ ತುರಿದು, ಬೆಂದ ಗೆಡ್ಡೆ, ಹಿಟ್ಟು, ಮಜ್ಜಿಗೆ ಸೇರಿಸಿ ಕಾವಲಿಯ ಮೇಲೆ ಹಾಕುವ ದೋಸೆ ಅದು.

ಕಡಲ ದಡದವರಿಗೆ ಇನ್ನೊಂದು ಆಸರೆ ಇತ್ತು, ಪಾಚಿ. ಕ್ಯಾರಗೀನ್ ಎಂಬ ಪಾಚಿಯನ್ನು ಹಾಲಿನಲ್ಲಿ ಕುದಿಸಿ ಸೋಸಿದರೆ ಆರಿದ ಮೇಲೆ ಹಾಲು ಗಟ್ಟಿಯಾಗುತ್ತದೆ. ಐಸ್‌ಕ್ರೀಮ್ ಡಬ್ಬದ ಹಿಂದೆ 407 ಎಂಬ ಸಂಖ್ಯೆ ಕಂಡರೆ, ಅದು ಇಂಥ ಕೆಂಪು ಪಾಚಿಗಳಿಂದ ತೆಗೆದದ್ದೇ. ಅದರ ಹೆಸರು ಬಂದದ್ದೂ ಈ ಐರಿಷ್ ಪದದಿಂದಲೇ.

## 1845

ನಮ್ಮ ಹಾಸನದ ಆಲೂಗಡ್ಡೆ ರೈತರಿಗೆ ಅಂಗಮಾರಿ ರೋಗ ಗೊತ್ತು. ಮೋಡ, ಜಿಟಿಜಿಟಿ ಮಳೆ, ತಂಪು ಸೇರಿದರೆ ಎಲೆ ಕಪ್ಪಾಗಿ ಕೆಲವೇ ದಿನಗಳಲ್ಲಿ ಹೊಲ ಸುಟ್ಟಂತೆ ಆಗುತ್ತದೆ. 1845ರ ಶರತ್ಕಾಲದಲ್ಲಿ ಐರ್ಲೆಂಡಿಗೆ ಬಂದದ್ದು ಇದೇ ರೋಗ, ಇದೇ ರೋಗಾಣು. ಮದ್ದು ಯಾರಿಗೂ ಗೊತ್ತಿರಲಿಲ್ಲ.

ಅಷ್ಟೊಂದು ಹಾನಿ ಯಾಕಾಯಿತು? ಬಡವರು ಬೆಳೆಯುತ್ತಿದ್ದದ್ದು ಹೆಚ್ಚಾಗಿ ಲಂಪರ್ ಎಂಬ ಒಂದೇ ತಳಿ. ಆಲೂಗಡ್ಡೆಯನ್ನು ಬೀಜದಿಂದ ಬೆಳೆಯುವುದಿಲ್ಲ, ಗೆಡ್ಡೆಯನ್ನೇ ಕತ್ತರಿಸಿ ನೆಡುತ್ತಾರೆ. ಅಂದರೆ ಹೊಲದ ಗಿಡಗಳೆಲ್ಲ ಒಂದೇ ಗಿಡದ ತುಂಡುಗಳು. ಒಂದಕ್ಕೆ ತಡೆಯುವ ಶಕ್ತಿ ಇಲ್ಲದಿದ್ದರೆ ಯಾವುದಕ್ಕೂ ಇಲ್ಲ. ಸುಮಾರು 30 ಲಕ್ಷ ಜನ ಬಹುತೇಕ ಆಲೂಗಡ್ಡೆಯನ್ನೇ ನಂಬಿದ್ದರು.

1845ರಿಂದ 1852ರೊಳಗೆ ಸುಮಾರು 10 ಲಕ್ಷ ಜನ ಹಸಿವು, ಜ್ವರಗಳಿಂದ ಸತ್ತರು. 10 ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿ ದೇಶ ಬಿಟ್ಟರು. 1841ರ ಜನಗಣತಿಯಲ್ಲಿ 81 ಲಕ್ಷ ದಾಟಿದ್ದ ಜನ 1851ಕ್ಕೆ ಸುಮಾರು 65 ಲಕ್ಷ. ಆ ವರ್ಷಗಳಲ್ಲೂ ಓಟ್ಸ್, ಬೆಣ್ಣೆ, ದನಗಳು ಬಂದರಿನಿಂದ ಹೊರಗೆ ಹೋಗುತ್ತಲೇ ಇದ್ದವು. ಗೇಣಿ ನಿಂತಿರಲಿಲ್ಲ. ಸರ್ಕಾರ ಅಮೆರಿಕದಿಂದ ಮೆಕ್ಕೆಜೋಳ ತರಿಸಿತು. ಆ ಗಡುಸು ಕಾಳನ್ನು ಬೀಸುವುದು ಹೇಗೆ, ಎಷ್ಟು ಹೊತ್ತು ಬೇಯಿಸಬೇಕು ಅಂತ ಜನರಿಗೆ ತಿಳಿದಿರಲಿಲ್ಲ. ಅರೆಬೆಂದದ್ದನ್ನು ತಿಂದು ಹೊಟ್ಟೆ ಕೆಟ್ಟಿತು. 1847ರ ಜುಲೈಯಲ್ಲಿ ಗಂಜಿ ಕೇಂದ್ರಗಳಲ್ಲಿ ದಿನಕ್ಕೆ ಸುಮಾರು 30 ಲಕ್ಷ ಜನ ಊಟ ಪಡೆದರು. ಅದೇ ವರ್ಷದ ಶರತ್ಕಾಲಕ್ಕೆ ಅವನ್ನು ಮುಚ್ಚಿದರು. ದೂರದಿಂದ ಮೊದಲು ದುಡ್ಡು ಕೂಡಿಸಿ ಕಳಿಸಿದವರಲ್ಲಿ ನಮ್ಮ ಕಲ್ಕತ್ತೆಯವರೂ ಇದ್ದರು.

ಈ ಭಾಗವನ್ನು ಮನೆಯ ಮಕ್ಕಳಿಗೆ ಹೇಳುವಾಗ ನನಗೆ ಗಂಟಲು ಕಟ್ಟುತ್ತದೆ.

## ಅಕ್ಕನ ಮಗಳ ಪ್ರಶ್ನೆಗೆ ಉತ್ತರ

ಬರಗಾಲದ ಆಚೆಗೆ ಊಟ ಬದಲಾಯಿತು. ಅಂಗಡಿಯ ಗೋಧಿ ಹಿಟ್ಟು, ಟೀ, ಸಕ್ಕರೆ ಹಳ್ಳಿಯ ಮನೆಗಳಿಗೂ ನಿಧಾನಕ್ಕೆ ಬಂದವು. ಹಾಗೆಯೇ ಅಡುಗೆ ಸೋಡಾ. 1830ರ ದಶಕಕ್ಕಿಂತ ಮುಂಚೆ ಸೋಡಾ ಬ್ರೆಡ್ ಇರಲಿಲ್ಲ. ಹಳೆಯ ಕಾಲದ ರೊಟ್ಟಿ ಅಂದರೆ ಬೆಂಕಿಯ ಮುಂದೆ ನಿಲ್ಲಿಸಿ ಒಣಗಿಸಿದ ತೆಳ್ಳನೆಯ ಓಟ್ಸ್ ರೊಟ್ಟಿ.

ಈಸ್ಟ್ ಹಾಕಿದ ಬ್ರೆಡ್ ಉಬ್ಬಬೇಕಾದರೆ ಹಿಟ್ಟಿಗೆ ಗಟ್ಟಿ ಜಿಗುಟು ಬೇಕು. ಅಲ್ಲಿನ ಮಳೆಗೆ ಬೆಳೆಯುವ ಗೋಧಿ ಮೆದು, ಜಿಗುಟು ಕಮ್ಮಿ. ಸೋಡಾಕ್ಕೆ ಜಿಗುಟು ಅಷ್ಟಾಗಿ ಬೇಡ, ಹುಳಿ ಬೇಕು. ಹುಳಿ ಮಜ್ಜಿಗೆಯಂತೂ ಮನೆಯಲ್ಲೇ ಇತ್ತು. ಎರಡೂ ಸೇರಿದ ಕೂಡಲೇ ಗಾಳಿಗುಳ್ಳೆ ಏಳುತ್ತವೆ, ಹಿಟ್ಟು ಉಬ್ಬುತ್ತದೆ. ಗೋಳಿಬಜೆಗೆ ಹುಳಿ ಮೊಸರು, ಸೋಡಾ ಹಾಕುವ ನಮ್ಮ ಕೈಗೆ ಇದು ಹೊಸದಲ್ಲ.

ಮಜ್ಜಿಗೆ ಹೀಗೆ ಲೋಟದಿಂದ ಹಿಟ್ಟಿಗೂ ಹೋಯಿತು. ಆಮೇಲೆ ಡೈರಿಗಳು ಬಂದವು. 1889ರಲ್ಲಿ ಲಿಮರಿಕ್ ಜಿಲ್ಲೆಯ ಡ್ರಮ್‌ಕಾಲಹರ್‌ನಲ್ಲಿ ಮೊದಲ ಸಹಕಾರಿ ಡೈರಿ ಶುರುವಾಯಿತು. ಹಾಲು ಅಲ್ಲಿಗೆ ಹೋಗತೊಡಗಿದ ಮೇಲೆ ಮನೆಯಲ್ಲಿ ಕಡೆಯುವುದು ಕಮ್ಮಿಯಾಯಿತು. ಕಡೆಯದ ಮನೆಯಲ್ಲಿ ಕುಡಿಯಲು ಮಜ್ಜಿಗೆ ಎಲ್ಲಿಂದ? ಬ್ರೆಡ್ ಮಾತ್ರ ನಿಲ್ಲಲಿಲ್ಲ. ಇವತ್ತು ಅಂಗಡಿಯ ಡಬ್ಬದಲ್ಲಿ ಇರುವುದು ಹೆಚ್ಚಾಗಿ ಹೆಪ್ಪು ಹಾಕಿ ಹುಳಿ ಬರಿಸಿದ, ಕೆನೆ ತೆಗೆದ ಹಾಲು. ಅದೇ ಹೆಸರು, ಅದೇ ಹುಳಿ, ಬ್ರೆಡ್ಡಿಗೆಂದೇ ಉಳಿದುಕೊಂಡಿದೆ.

ಅವಳಿಗೆ ಹೇಳಿಕೊಟ್ಟ ಅಳತೆ ಇದು. ಮೈದಾ 450 ಗ್ರಾಂ, ಅರ್ಧ ಗೋಧಿ ಹಿಟ್ಟಾದರೂ ಸರಿ. ಸೋಡಾ ಒಂದು ಚಮಚ, ಉಪ್ಪು ಒಂದು ಚಮಚ, ಚಮಚ ಚಿಕ್ಕದಿರಲಿ, ತಲೆತಟ್ಟಿ ಅಳೆಯಿರಿ. ಗಟ್ಟಿ ಹುಳಿ ಮಜ್ಜಿಗೆ 350ರಿಂದ 400 ಮಿ.ಲೀ. ಮಜ್ಜಿಗೆಯಲ್ಲಿ ಹುಳಿ ಇಲ್ಲದಿದ್ದರೆ ಬ್ರೆಡ್ಡಿಗೆ ಸೋಪಿನ ರುಚಿ ಬರುತ್ತದೆ. ಚಪಾತಿ ಹಿಟ್ಟಿನಂತೆ ನಾದಬೇಡಿ, ಗುಳ್ಳೆ ಒಡೆದುಹೋಗುತ್ತವೆ. ಬೆರಳಲ್ಲಿ ಕೂಡಿಸಿ, ದುಂಡಗೆ ತಟ್ಟಿ, ಚಾಕುವಿನಿಂದ ಆಳವಾಗಿ ಅಡ್ಡ ಉದ್ದ ಗೀರಿ. ದಪ್ಪ ನಡುಭಾಗಕ್ಕೂ ಶಾಖ ಹೋಗಲಿ ಅಂತ ಆ ಗೀರು. ಹಿಟ್ಟಿನೊಳಗಿನ ಯಕ್ಷಿಯರು ಹೊರಗೆ ಹೋಗಲಿ ಅಂತ ಎನ್ನುವುದು ಅಲ್ಲಿನ ಅಜ್ಜಿಯರ ಮಾತು. 230 ಡಿಗ್ರಿಯಲ್ಲಿ 15 ನಿಮಿಷ, ಆಮೇಲೆ 200 ಡಿಗ್ರಿಯಲ್ಲಿ ಅರ್ಧ ಗಂಟೆ. ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಆರಲು ಬಿಡಿ. ಕೊಯ್ದು, ಬಿಸಿ ಇರುವಾಗಲೇ ಬೆಣ್ಣೆ ದಪ್ಪಗೆ ಹಚ್ಚಿ.